ನಡೆದು ನಡೆದೇ ಕಟ್ಟಡ ಉಳಿಸುವ ವಿಧಾನ

ಬೆಂಗಳೂರಿನ ಹಳೇ ಕಟ್ಟಡಗಳಿಗೆ ಮರ್ಯಾದೆ ಸಿಗುವುದು ಭಾನುವಾರ ಬೆಳಿಗ್ಗೆ ಏಳರಿಂದ ಒಂಬತ್ತೂವರೆವರೆಗೆ. ಟೋಪಿ, ನೀರಿನ ಬಾಟಲಿ, ಕ್ಯಾಮೆರಾ ಹಿಡಿದವರ ಗುಂಪು ಬಂದು, ಕತ್ತೆತ್ತಿ ಕಮಾನು ನೋಡಿ, ನಿಟ್ಟುಸಿರು ಬಿಟ್ಟು, ಮಸಾಲೆ ದೋಸೆ ತಿಂದು ಮನೆಗೆ ಹೋಗುತ್ತದೆ. ಸೋಮವಾರದಿಂದ ಕಟ್ಟಡ ಮತ್ತೆ ಮಳೆಯ ಪಾಲು, ಬಿಲ್ಡರ್ ಪಾಲು. ಇದಕ್ಕೆ ಹೆರಿಟೇಜ್ ವಾಕ್ ಎನ್ನುತ್ತಾರೆ. ನಡೆದವರ ಬೊಜ್ಜು ಕರಗುವುದು ಖಚಿತ. ಕಟ್ಟಡದ ಆರೋಗ್ಯಕ್ಕೆ ಗ್ಯಾರಂಟಿಯಿಲ್ಲ.

ನಡಿಗೆಯಿಂದ ಕಟ್ಟಡ ಉಳಿಯುವ ಹಾಗಿದ್ದರೆ ಮೊದಲು ಉಳಿಯಬೇಕಿದ್ದದ್ದು ಲಾಲ್‌ಬಾಗ್‌ನ ಕ್ರುಂಬಿಗಲ್ ಹಾಲ್. ಊರಿನ ಅರ್ಧ ಸಕ್ಕರೆ ಕಾಯಿಲೆಯವರು ದಿನಾ ಸುತ್ತು ಹೊಡೆಯುವ ತೋಟ ಅದು. ಅಷ್ಟು ಜನ ಅಷ್ಟು ವರ್ಷ ನಡೆದರೂ 2017ರಲ್ಲಿ ಹಾಲ್ ಕುಸಿಯಿತು. ಅದೇ ಊರಿನಲ್ಲಿ 1868ರ ಅಠಾರ ಕಚೇರಿ ಇನ್ನೂ ನಿಂತಿದೆ. 1980ರ ದಶಕದಲ್ಲಿ ಅದನ್ನು ಕೆಡವಲು ಹೊರಟಾಗ ಕೆಲವರು ಕತ್ತೆತ್ತಿ ನೋಡುವುದು ಬಿಟ್ಟು ಕೋರ್ಟಿಗೆ ಹೋದರು. ಒಳಗೆ ಹೈಕೋರ್ಟ್ ನಡೆಯುತ್ತಿರುವುದರಿಂದ ಸೂರು ಸೋರಿದರೆ ಇವತ್ತೂ ಕೇಳುವವರಿದ್ದಾರೆ. ಆದರೆ ಜಗಳ, ಬಳಕೆ, ರಿಪೇರಿ ಇವು ಫೋಟೋದಲ್ಲಿ ಚೆನ್ನಾಗಿ ಬರುವುದಿಲ್ಲ.

ಮೈಸೂರಿನವರು ಇನ್ನೂ ಮುಂದೆ. ನಡೆಯುವ ಕಷ್ಟವೂ ಬೇಡವೆಂದು ಟಾಂಗಾ ಹತ್ತಿದ್ದಾರೆ. ದಸರೆಯಲ್ಲಿ ಪೇಟ ತೊಟ್ಟ ಗಂಡಂದಿರು, ರೇಷ್ಮೆ ಸೀರೆಯ ಹೆಂಡಂದಿರು ಪಾರಂಪರಿಕ ಸವಾರಿ ಹೊರಡುತ್ತಾರೆ. ಅದೇ ಊರಿನಲ್ಲಿ 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಸರದಿ. ಆಮೇಲೆ ರಿಪೇರಿ ಸಾಕೆಂದು ಒಂದು ಪರಿಣತರ ಬಳಗ, ಕೆಡವಿ ಕಟ್ಟಬೇಕೆಂದು ಇನ್ನೊಂದು. ವರ್ಷಗಟ್ಟಲೆ ವಾದ ನಡೆಯಿತು, ಟಾಂಗಾವೂ ನಡೆಯಿತು. ಕುದುರೆಗಾದರೋ ಕಣ್ಣುಪಟ್ಟಿ ಬೇರೆಯವರು ಕಟ್ಟಿರುತ್ತಾರೆ.

ಇಂಥ ಭಾಗ್ಯ ನಮ್ಮೂರು ತ್ಯಾವಣಿಗೆಗೆ ಮಾತ್ರ ಯಾಕಿಲ್ಲ? ನಮ್ಮ ಸುತ್ತ ನೋಡುವಂಥದ್ದಕ್ಕೆ ಬರವೇ? ಆದ್ದರಿಂದ ಚನ್ನಗಿರಿ ತಾಲ್ಲೂಕಿನ ಪರವಾಗಿ ನಾನೇ ಒಂದು ಪಾರಂಪರಿಕ ನಡಿಗೆ ಮತ್ತು ಕಾರ್ಯಾಗಾರದ ಯೋಜನೆ ತಯಾರಿಸಿದ್ದೇನೆ.

ಮೊದಲ ನಿಲ್ದಾಣ ಸಂತೇಬೆನ್ನೂರು. ಪಾಳೇಗಾರ ಹನುಮಪ್ಪ ನಾಯಕ ಕಟ್ಟಿಸಿದ ಪುಷ್ಕರಣಿ, ನೀರಿನ ನಡುವೆ ವಸಂತ ಮಂಟಪ, ಎದುರಿಗೆ ಮುಸಾಫಿರ್‌ಖಾನ. ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಇಲ್ಲಿ ಕಾನೂನು ಪಾಠವೂ ಇದೆ. 1958ರ ಕಾಯ್ದೆಯಲ್ಲಿ ಸ್ಮಾರಕ ಕೆಡಿಸಿದರೆ ಮೂರು ತಿಂಗಳು ಜೈಲು ಇಲ್ಲವೇ ಐದು ಸಾವಿರ ದಂಡವಿತ್ತು. 2010ರ ತಿದ್ದುಪಡಿ ಅದನ್ನು ಎರಡು ವರ್ಷ, ಒಂದು ಲಕ್ಷಕ್ಕೆ ಏರಿಸಿತು. ಸುತ್ತ ನೂರು ಮೀಟರ್ ಒಳಗೆ ಹೊಸ ಕಟ್ಟಡ ಏಳಕೂಡದು, ಅದರಾಚೆ ಇನ್ನೂರು ಮೀಟರ್‌ವರೆಗೆ ಅನುಮತಿ ಬೇಕು. ಹೀಗೆ ನಾವು ಒಂದು ಮೊಳೆ ಹೊಡೆಯುವಂತಿಲ್ಲ, ಒಂದು ಕಲ್ಲು ಸರಿಸುವಂತಿಲ್ಲ. ಹಳೇ ಕಲ್ಲುಗಳ ಸಂದಿಯಲ್ಲಿ ಬೇರು ಬಿಡುವ ಅರಳಿ ಗಿಡಕ್ಕೆ ಮಾತ್ರ ಯಾವ ಇಲಾಖೆಯ ಅನುಮತಿಯೂ ಬೇಕಿಲ್ಲ.

ಎರಡನೆಯದು ಸೂಳೆಕೆರೆ. ಮರ್ಯಾದಸ್ಥರು ಶಾಂತಿಸಾಗರ ಎನ್ನಬಹುದು. ಗುಡ್ಡಗಳ ನಡುವಿನ ಕಂಡಿಗೆ ಏರಿ ಹಾಕಿ, ಸಿದ್ಧನಾಲೆ, ಬಸವನಾಲೆ ಎಂದು ಎರಡು ತೂಬು ಇಟ್ಟವರು ಯಾವ ಕಾರ್ಯಾಗಾರಕ್ಕೂ ಹೋಗಿರಲಿಲ್ಲ. ಈ ಏರಿಯನ್ನು ಯಾವ ಪ್ರವಾಸದಲ್ಲೂ ವಾಸ್ತುಶಿಲ್ಪ ಎಂದು ತೋರಿಸುವುದಿಲ್ಲ. ಕೆತ್ತಿದ ಮದನಿಕೆ ಇಲ್ಲವಲ್ಲ! ಚಿತ್ರದುರ್ಗದವರು ಕುಡಿಯುವ ನೀರು ಇದರದ್ದೇ, ಗದ್ದೆಗೆ ಹರಿಯುವುದೂ ಇದರದ್ದೇ. ಕೆಲಸ ಮಾಡುತ್ತಿರುವುದು ಪರಂಪರೆಯಾಗುವುದು ಹೇಗೆ? ಹೂಳು ತುಂಬಿ, ಅಂಚು ಒತ್ತುವರಿಯಾಗಿ, ನೀರು ನಿಂತ ಮೇಲೆ ಒಂದು ವಾಕ್ ಇಟ್ಟುಕೊಳ್ಳಬಹುದು.

ಮೂರನೆಯದು ಹೊದಿಗೆರೆ. 1664ರಲ್ಲಿ ಬೇಟೆಗೆ ಬಂದು ಕುದುರೆಯಿಂದ ಬಿದ್ದು ಸತ್ತ, ಶಿವಾಜಿಯ ತಂದೆ ಶಹಾಜಿಯ ಸಮಾಧಿ. ಚುನಾವಣೆ ಹತ್ತಿರವಿದ್ದರೆ ಜನ ಜಾಸ್ತಿ, ಬೇಗ ನೋಡಿಕೊಂಡು ಬಂದುಬಿಡೋಣ.

ಕೊನೆಗೆ ನಮ್ಮೂರೊಳಗಿನ ನಡಿಗೆ. ಇಲ್ಲಿ ಬೆಂಗಳೂರಿನವರನ್ನು ಬಯ್ಯಲು ಅವಕಾಶವಿಲ್ಲ. ಅಡಿಕೆಗೆ ರೇಟು ಬಂದ ವರ್ಷ ಹೆಂಚು ಇಳಿಯುತ್ತದೆ, ತಾರಸಿ ಏರುತ್ತದೆ. ಅಜ್ಜನ ಕಾಲದ ಸಾಗುವಾನಿ ಕಂಬ, ಹಿತ್ತಾಳೆ ಗುಬ್ಬಿಯ ಬಾಗಿಲು ಹಳೇ ಸಾಮಾನಿನವನ ಲಾರಿ ಹತ್ತಿ ರೆಸಾರ್ಟ್ ಸೇರುತ್ತವೆ. ನಮ್ಮ ಹುಡುಗ ಸಾಫ್ಟ್‌ವೇರ್ ಕೆಲಸ ಹಿಡಿದು ಅದೇ ರೆಸಾರ್ಟಿನಲ್ಲಿ ಸಾವಿರಾರು ರೂಪಾಯಿ ಕೊಟ್ಟು, ಅದೇ ಕಂಬಕ್ಕೆ ಒರಗಿ, ‘ಹಳ್ಳಿ ಸೊಗಡು’ ಎಂದು ಫೋಟೋ ಹಾಕುತ್ತಾನೆ. ದೇವರನ್ನೂ ಬಿಟ್ಟಿಲ್ಲ. ಜೀರ್ಣೋದ್ಧಾರವೆಂದರೆ ಕಲ್ಲಿನ ಗುಡಿಗೆ ನೆಲಕ್ಕೆ ಟೈಲ್ಸ್, ಕಂಬಕ್ಕೆ ಆಯಿಲ್ ಪೇಂಟ್, ದಾನಿಗಳ ಹೆಸರಿಗೆ ಗ್ರಾನೈಟ್. ಕಲ್ಲುಗಳನ್ನು ಬಿಚ್ಚಿ ಹಾಗೇ ಮರುಜೋಡಿಸಿ ಹಳೇ ಗುಡಿ ನಿಲ್ಲಿಸುವ ಕೆಲಸ ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್ 1991ರಿಂದ ಮಾಡುತ್ತ ಬಂದಿದೆ. ಆದರೆ ಅದರಲ್ಲಿ ನಮ್ಮ ಹೆಸರು ಕಾಣುವಷ್ಟು ಜಾಗ ಎಲ್ಲಿ?

ಮಧ್ಯಾಹ್ನ ಸಮುದಾಯ ಭವನದಲ್ಲಿ ಕಾರ್ಯಾಗಾರ. ವಿಷಯ: ಸುಣ್ಣದ ಗಾರೆ. ಸುಣ್ಣ, ಮರಳು, ಬೆಲ್ಲದ ನೀರು, ಅಳಲೆಕಾಯಿ ಕಷಾಯ ಯಾವ ಪ್ರಮಾಣದಲ್ಲಿರಬೇಕೆಂದು ಸಂಪನ್ಮೂಲ ವ್ಯಕ್ತಿ ಪರದೆಯ ಮೇಲೆ ತೋರಿಸುತ್ತಾರೆ. ಗಾಣದಲ್ಲಿ ಗಾರೆ ಅರೆದು ಗೊತ್ತಿರುವ ಮುದುಕ ಹಿಂದುಗಡೆ ಕುರ್ಚಿ ಹಾಕುತ್ತಿರುತ್ತಾನೆ. ಸರ್ಟಿಫಿಕೇಟ್ ಕುಳಿತವರಿಗೆ, ಕೂಲಿ ಕುರ್ಚಿ ಹಾಕಿದವನಿಗೆ.

ಇಷ್ಟೆಲ್ಲ ಬರೆದ ಮೇಲೆ ಒಂದೆರಡು ಷರತ್ತು ಸೇರಿಸುವ ಚಪಲ ಹುಟ್ಟಿತು. ಕೆರೆಗೆ ಬರುವವರು ಕ್ಯಾಮೆರಾ ಜೊತೆ ಸಲಿಕೆ, ಮಂಕರಿ ತರಬೇಕು. ಪುಷ್ಕರಣಿಯಲ್ಲಿ ಕಂಡ ಪ್ರತಿ ಬಿರುಕಿಗೂ ಇಲಾಖೆಗೆ ಒಂದು ಅರ್ಜಿ ಬರೆದು, ಉತ್ತರ ಬರುವವರೆಗೆ ತಿಂಗಳಿಗೊಂದು ನೆನಪೋಲೆ ಹಾಕಬೇಕು. ಕಾರ್ಯಾಗಾರದಲ್ಲಿ ಮುದುಕ ವೇದಿಕೆ ಮೇಲೆ, ಸಂಪನ್ಮೂಲ ವ್ಯಕ್ತಿ ಮಂಕರಿ ಹಿಡಿದು ಕೆಳಗೆ. ಮನೆಯ ಹೆಂಚು ಇಳಿಸುವವರು ಮೊದಲು ಆ ಮುದುಕನನ್ನು ಕರೆದು ಕೇಳಬೇಕು.

ಯೋಜನೆ ಓದಿದ ಹಿರಿಯರೊಬ್ಬರು ನಕ್ಕರು. “ಷರತ್ತು ತೆಗೀರಿ ಸ್ವಾಮಿ, ಗ್ರಾಂಟ್ ಬರ್ತದೆ” ಅಂದರು.

ತೆಗೆದಿದ್ದೇನೆ. ಇನ್ನು ಯಾವ ತೊಂದರೆಯೂ ಇಲ್ಲ. ಉದ್ಘಾಟನೆ, ಹಾರ, ಶಾಲು, ನೆನಪಿನ ಕಾಣಿಕೆ, ಪೇಪರಿಗೆ ಫೋಟೋ ಎಲ್ಲ ಸಾಂಗವಾಗಿ ನಡೆಯುತ್ತದೆ. ಊರಿಗೆ ಊರೇ ಜಾಗೃತವಾಗುತ್ತದೆ. ನಾಳೆ ಗೋಡೆ ಬಿದ್ದರೆ ಮಹತ್ವ ಗೊತ್ತಿರಲಿಲ್ಲ ಎಂದು ಯಾರೂ ಜಾರಿಕೊಳ್ಳುವಂತಿಲ್ಲ. ಎಲ್ಲರ ಹತ್ತಿರವೂ ಸರ್ಟಿಫಿಕೇಟ್ ಇರುತ್ತದೆ.