ಪ್ರವರ ಸಹಿತ ಪಿಎಚ್‌.ಡಿ.

ಧರ್ಮ, ಅಸ್ಮಿತೆ, ಸಮಾಜದ ಮೇಲೆ ಪಿಎಚ್‌.ಡಿ. ಮಾಡಹೊರಟವರು ವೆಬರ್, ದುರ್ಖೈಮ್ ಓದಿಕೊಂಡು ಹೋಗಿ ಪ್ರಯೋಜನವಿಲ್ಲ. ಗೈಡ್ ಕೇಳುವ ಪ್ರಶ್ನೆಗಳೇ ಬೇರೆ.

"ಯಾವ ಕಡೆಯವರಪ್ಪ?"

"ತಿ. ನರಸೀಪುರದ ಕಡೆ, ಸರ್."

"ತಂದೆ ಹೆಸರು?"

"ರಂಗಪ್ಪ, ಸರ್."

ರಂಗಪ್ಪ ಯಾವ ಜಾತಿಯಲ್ಲಿ ಬೇಕಾದರೂ ಇರಬಹುದು. ಸರ್‌ಗೆ ಸಂಕಟ. ಜಾತಿ ಕೇಳುವುದೇ ಅನಾಗರಿಕ ಎಂದು ಪುಸ್ತಕ ಬರೆದವರು, ನೇರ ಕೇಳುವಂತಿಲ್ಲ.

"ಮನೆದೇವರು?"

"ಬಿಳಿಗಿರಿರಂಗ."

ಇದೂ ಕೈಕೊಟ್ಟಿತು. ಆ ರಂಗಸ್ವಾಮಿ ಸೋಲಿಗರ ಹೆಣ್ಣು ಕುಸುಮಾಲೆಯನ್ನು ಮದುವೆಯಾದ ದೇವರು, ಸೋಲಿಗರು ಅವನನ್ನು ಭಾವ ಎನ್ನುತ್ತಾರೆ. ಒಂದು ಒಳ್ಳೆಯ ಪ್ರಬಂಧವೇ ಮೇಜಿನ ಮೇಲೆ ಬಂದು ಕೂತಿತ್ತು. ಸರ್ ಗಮನಿಸಲಿಲ್ಲ. "ಡಿಗ್ರಿಯಲ್ಲಿ ಯಾವ ಹಾಸ್ಟೆಲ್‌ನಲ್ಲಿದ್ದೆ?" ಎಂದರು. ಹುಡುಗ ಹೇಳಿದ. ಸರ್ ಮುಖ ಅರಳಿತು. "ಹಾಗಾದ್ರೆ ನಿಮ್ಮೋರ ಮೇಲೇ ಮಾಡಿಬಿಡು."

ತಮ್ಮ ಕಥೆಯನ್ನು ಪರರು ಬರೆದು ಕೆಡಿಸಿದ್ದನ್ನು ತಲೆಮಾರುಗಟ್ಟಲೆ ನುಂಗಿಕೊಂಡವರು ಈಗ ತಾವೇ ಬರೆಯಹೊರಟರೆ ಅದು ನ್ಯಾಯವೇ. ಆದರೆ ಬರೆಯುವುದು ಬೇರೆ, ಹಾರ ಹಾಕುವುದು ಬೇರೆ. ಮೈಸೂರಿನ ಬ್ರಾಹ್ಮಣ ಎಂ.ಎನ್. ಶ್ರೀನಿವಾಸ್ ಕೊಡವರ ಧರ್ಮ, ಸಮಾಜ ಕುರಿತು ಬರೆದ ಪುಸ್ತಕ 1952ರಲ್ಲಿ ಬಂತು, 'ಸಂಸ್ಕೃತೀಕರಣ' ಎಂಬ ಮಾತು ಅದರಿಂದಲೇ ಹೆಸರಾಯಿತು. ಈಗ ಪರರ ದೇವರಮನೆಗೆ ಇಣುಕಿದರೆ "ನೀವ್ಯಾರ್ರೀ ಕೇಳೋಕೆ" ಎಂದು ಪ್ರೆಸ್‌ಮೀಟ್. ಒಳಗಿನವರೇ ಕೇಳಿದರೂ ಉಳಿಗಾಲವಿಲ್ಲ: 'ಮಾರ್ಗ' ಪುಸ್ತಕದಲ್ಲಿ ಬಸವಣ್ಣನ ಕುಟುಂಬದ ಬಗ್ಗೆ ಬರೆದದ್ದನ್ನು ಲಿಂಗಾಯತರೇ ಆದ ವಿದ್ವಾಂಸ ಎಂ.ಎಂ. ಕಲಬುರ್ಗಿ 1989ರಲ್ಲಿ ಒತ್ತಡಕ್ಕೆ ಮಣಿದು ಹಿಂತೆಗೆದುಕೊಳ್ಳಬೇಕಾಯಿತು.

ಆದ್ದರಿಂದ ಹುಡುಗ ಜಾಣನಾದ. ಕ್ಷೇತ್ರಕಾರ್ಯಕ್ಕೆ ಮಠ, ಅಲ್ಲೇ ಊಟ, ಊಟದ ನಂತರ ಸ್ವಾಮೀಜಿ ಜೊತೆ ಫೋಟೊ. ಪ್ರಶ್ನಾವಳಿ ತುಂಬಿದವರು ರೂಮ್‌ಮೇಟುಗಳು. ಮೊದಲ ಅಧ್ಯಾಯದಲ್ಲಿ ಸಮುದಾಯ ಹಿಂದೆ ರಾಜ್ಯವಾಳಿತು, ಎರಡನೆಯದರಲ್ಲಿ ಯಾರೋ ಮೋಸ ಮಾಡಿದರು, ಮೂರನೆಯದರಲ್ಲಿ ಸಂಘ ಸ್ಥಾಪನೆಯಾಯಿತು. ಕೊನೆಯಲ್ಲಿ ನಿಗಮ ಮಂಡಳಿಗೆ ಅನುದಾನ ಹೆಚ್ಚಿಸಬೇಕೆಂಬ ಶಿಫಾರಸು. ಸಮುದಾಯದೊಳಗೆ ಯಾರು ಯಾರಿಗೆ ಹೆಣ್ಣು ಕೊಡುವುದಿಲ್ಲ, ಹೆಂಗಸರು ಏನೆನ್ನುತ್ತಾರೆ ಎಂಬ ಅಧ್ಯಾಯ ಸ್ಥಳಾಭಾವದಿಂದ ಬಿಟ್ಟುಹೋಯಿತು.

ಶೇ. 10ರವರೆಗಿನ ಹೋಲಿಕೆಗೆ ಕೃತಿಚೌರ್ಯ ಕುರಿತ 2018ರ ಯುಜಿಸಿ ನಿಯಮದಲ್ಲಿ ದಂಡವಿಲ್ಲ. ಜಾತಿಯ ಹೆಸರುಗಳನ್ನು ಅಳಿಸಿ ನಮ್ಮ ಪ್ರಬಂಧಗಳನ್ನೆಲ್ಲ ಹೋಲಿಕೆ ಹಿಡಿಯುವ ಸಾಫ್ಟ್‌ವೇರಿಗೆ ಹಾಕಿದರೆ ಎಲ್ಲರೂ ಒಂದೇ ಅರಮನೆಯಲ್ಲಿ ಹುಟ್ಟಿದ್ದು ಗೊತ್ತಾಗುತ್ತದೆ. ವಿಶ್ವಮಾನವತ್ವಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ವೈವಾ ದಿನ ಹೊರಗಿನ ಪರೀಕ್ಷಕರು ರೆಕ್ಸಿನ್ ರಟ್ಟಿನ ಮೇಲಿನ ಚಿನ್ನದಕ್ಷರ ಸವರಿ ಮೆಚ್ಚಿದರು. ತಿದ್ದುಪಡಿ ಒಂದೇ ಒಂದು.

"ವಂಶದ ಮೂಲ ಹೇಳುವಾಗ ಒಂದು ಕಡೆ 'ಬಹುಶಃ' ಅಂತ ಹಾಕಿದ್ದೀರಿ. ತೆಗೆದುಬಿಡಿ, ಸಮಾಜದವರಿಗೆ ಬೇಜಾರಾಗುತ್ತೆ."