ಜರಿ ಇರಲಿ, ಸುಕ್ಕು ಬೇಡ

ನಮ್ಮ ಮನೆಯಲ್ಲಿ ನಲ್ಲಿ ಸೋರಿದರೆ ಪ್ಲಂಬರಿಗೆ ಫೋನ್ ಹೋಗುತ್ತದೆ, ಫ್ಯಾನ್ ನಿಂತರೆ ಪಕ್ಕದ ಮನೆಯವರಿಗೆ. ನನ್ನ ಪಾಲಿಗೆ ಉಳಿದಿರುವ ಏಕೈಕ ಖಾತೆಯೆಂದರೆ ಕತ್ತಲೆ ಫೋಟೋಗಳ ಜೀರ್ಣೋದ್ಧಾರ. ಈ ಖಾತೆಯಲ್ಲಿ ಕೆಲಸಕ್ಕೇನೂ ಬರವಿಲ್ಲ. ಹಾಲಿನಲ್ಲಿ ಟ್ಯೂಬ್‌ಲೈಟ್ ಉರಿಯುತ್ತಿದ್ದರೂ ನಮ್ಮವರು ಫೋಟೋಗೆ ನಿಲ್ಲುವುದು ಜೀರೋ ಕ್ಯಾಂಡಲ್ ಬಲ್ಬಿನ ದೇವರ ಮನೆ ಬಾಗಿಲಲ್ಲೇ.

ಆ ಫೋಟೋ ನನ್ನ ಕೈಗೆ ಬರುವುದು ಫ್ಯಾಮಿಲಿ ಗ್ರೂಪಿನಲ್ಲಿ ಹಿಂಡಿ ಹಿಪ್ಪೆಯಾದ ಮೇಲೆ. “ಹಾಗೇ ಕಳಿಸಬೇಡಿ, ಡಾಕ್ಯುಮೆಂಟ್ ಮಾಡಿ ಕಳಿಸಿ” ಎಂದರೆ ಚಿಕ್ಕಪ್ಪ ಆಧಾರ್ ಕಾರ್ಡ್ ಕಳಿಸುತ್ತಾರೆ.

ಇರಲಿ ಎಂದು ಲ್ಯಾಪ್‌ಟಾಪ್ ತೆರೆದು, ತಜ್ಞನ ಗಾಂಭೀರ್ಯ ತಂದುಕೊಂಡು, ‘ಶ್ಯಾಡೋಸ್’ ಗುಂಡಿಯನ್ನು ಬಲಕ್ಕೆ ಎಳೆಯುತ್ತೇನೆ. ಕತ್ತಲೊಳಗಿಂದ ಅತ್ತೆಯವರ ಮುಖ ಮೇಲೆದ್ದು ಬರುತ್ತದೆ. ಜೊತೆಗೇ ಕೆನ್ನೆ ತುಂಬ ಕೆಂಪು, ಹಸಿರು ಬನ್ಸಿ ರವೆ!

“ನನ್ನ ಮುಖಕ್ಕೆ ಏನು ಸುರಿದ್ರಿ?”

ಸುರಿದದ್ದು ನಾನಲ್ಲ, ಸುರಿಯದೇ ಹೋದದ್ದು ಬೆಳಕು ಎಂದು ಪಾಠ ಶುರುಮಾಡುತ್ತೇನೆ. ಮಟಮಟ ಮಧ್ಯಾಹ್ನದ ಬಿಸಿಲು ಸುಮಾರು 1 ಲಕ್ಷ ಲಕ್ಸ್. ರಾತ್ರಿ ನಮ್ಮ ಹಾಲಿನಲ್ಲಿ 100 ಇದ್ದರೆ ಅದೇ ಹೆಚ್ಚು. ಬೆಳಕು ಬರುವುದೇ ಕಣಕಣವಾಗಿ. ಅಭಾವದ ಕಾಲದಲ್ಲಿ ಸೆನ್ಸರಿನ ಒಂದು ಚುಕ್ಕಿಗೆ ನಾಲ್ಕು ಕಣ ಬಿದ್ದರೆ ಪಕ್ಕದ್ದಕ್ಕೆ ಒಂದೇ. ಐಎಸ್‌ಒ ಏರಿದಾಗ ಮುಖದ ಜೊತೆ ಆ ತಾರತಮ್ಯವೂ ಹಿಗ್ಗುತ್ತದೆ. ಇಷ್ಟು ಹೇಳಿ ತಲೆಯೆತ್ತಿದರೆ ಕೋಣೆಯಲ್ಲಿ ನಾನೊಬ್ಬನೇ.

ಮುಂದಿನ ಚಿಕಿತ್ಸೆ ನಾಯ್ಸ್ ರಿಡಕ್ಷನ್. ಒಂಚೂರು ಎಳೆದರೆ ರವೆ ಮಾಯ. ಇನ್ನಷ್ಟು ಎಳೆದರೆ ಅತ್ತೆಯವರ ಸುಕ್ಕೂ ಮಾಯ. ಅವರು ಅಳಿಯನನ್ನು ಮೊದಲ ಸಲ ಗೌರವದಿಂದ ನೋಡಿದರು. ಆಮೇಲೆ ಕಣ್ಣು ಕೆಳಗಿಳಿದು ಸೀರೆಯ ಮೇಲೆ ಬಿತ್ತು. ಮೈಸೂರು ರೇಷ್ಮೆಯ ಜರಿಯೆಲ್ಲ ಅಳಿಸಿ ಹಳದಿ ಬಣ್ಣ ಬಳಿದಂತಾಗಿತ್ತು. “ಜರಿ ವಾಪಸ್ ಬರಲಿ, ಸುಕ್ಕು ಬೇಡ.” ಸಾಫ್ಟ್‌ವೇರಿಗೆ ಎರಡೂ ಸಣ್ಣ ಗೆರೆಗಳೇ, ಯಾವುದಕ್ಕೆ ಎಷ್ಟು ರೇಟು ಅಂತ ಅದಕ್ಕೇನು ಗೊತ್ತು?

ಕೊನೆಯ ಅಸ್ತ್ರ ಕಪ್ಪು-ಬಿಳುಪು. ಬಣ್ಣದ ಚುಕ್ಕಿಗಳು ತೊಲಗುತ್ತವೆ, ಉಳಿದ ಕಾಳುಕಾಳು ಕಲೆ ಎನಿಸಿಕೊಳ್ಳುತ್ತದೆ. ಹೆಮ್ಮೆಯಿಂದ ತೋರಿಸಿದೆ. “ಬದುಕಿರೋರನ್ನ ಹೀಗೆ ಮಾಡಿದೀರಲ್ಲ, ಹಾರ ಒಂದು ಹಾಕೋದು ಬಾಕಿ” ಎಂದಳು ಹೆಂಡತಿ.

ರಿಪೇರಿಯ ಗೊಡವೆಯೇ ಬೇಡ, ತೆಗೆಯುವಾಗಲೇ ಸರಿಯಾಗಿ ತೆಗೆಯೋಣ ಎಂದು ನಾದಿನಿಯ ಸೀಮಂತದ ದಿನ ಉಪದೇಶಕ್ಕಿಳಿದೆ. ಸಾರಿನ ಕೈ ಮುಟ್ಟಿದ ಲೆನ್ಸ್ ಒರೆಸಿಕೊಳ್ಳಿ. ಫ್ಲ್ಯಾಶ್ ಬೇಡ, ದೂರ ಎರಡರಷ್ಟಾದರೆ ಬೆಳಕು ಕಾಲುಭಾಗವಾಗುತ್ತದೆ, ಮುಂದಿನವರು ಸುಣ್ಣ, ಹಿಂದಿನವರು ಇದ್ದಿಲು. ನೈಟ್ ಮೋಡ್ ಹಲವು ಫ್ರೇಮು ತೆಗೆದು ಬೆರೆಸುತ್ತದೆ, ನಾಲ್ಕರ ಸರಾಸರಿಯಲ್ಲಿ ಕಾಳು ಅರ್ಧಕ್ಕಿಳಿಯುತ್ತದೆ. ಅದಕ್ಕೆ ಎಲ್ಲರೂ ಅಲ್ಲಾಡದೆ ನಿಲ್ಲಬೇಕು. ನಿಂತರು, ಬಾಯಿ ಮಾತ್ರ ನಿಲ್ಲಲಿಲ್ಲ. ಫೋಟೋದಲ್ಲಿ ದೊಡ್ಡಮ್ಮನಿಗೆ ಎರಡು ಗಲ್ಲ.

“ಎಲ್ಲಕ್ಕಿಂತ ಮುಖ್ಯ, ಕಿಟಕಿಗೆ ಮುಖ ಮಾಡಿ ಕೂರಿಸಿ” ಎಂದೆ. ನಮ್ಮ ಕಿಟಕಿ ಇರುವುದು ಪಶ್ಚಿಮಕ್ಕೆ. ಪುರೋಹಿತರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, “ಪೂರ್ವಾಭಿಮುಖ” ಎಂದಷ್ಟೇ ಹೇಳಿದರು. ಭೌತಶಾಸ್ತ್ರ ಅಲ್ಲಿಗೆ ಮುಗಿಯಿತು. ಬೆಳಕು ಬೆನ್ನಿಗೆ, ಕತ್ತಲು ಮುಖಕ್ಕೆ.

ಬಿಳಿ ಬಟ್ಟೆ ಎದುರಿಗೆ ಹಿಡಿದರೆ ಕಿಟಕಿಯ ಬೆಳಕು ಅದಕ್ಕೆ ಬಡಿದು ಮುಖಕ್ಕೆ ಮರಳುತ್ತದೆಂದು ಗೊತ್ತಿತ್ತು. ಒಗೆದ ಪಂಚೆ ತಂದು, ಎರಡೂ ಕೈಯಲ್ಲಿ ಅಗಲಿಸಿ, ಆರತಿ ಮುಗಿಯುವವರೆಗೆ ನಿಂತೆ. ಬಂದವರೆಲ್ಲ ಬಟ್ಟೆ ಒಣಗಿಸುತ್ತಿದ್ದಾನೆ ಎಂದುಕೊಂಡು ಪಕ್ಕಕ್ಕೆ ಸರಿದು ಹೋದರು.

ಫೋಟೋ ಅಮೋಘವಾಗಿ ಬಂತು. ರವೆ ಇಲ್ಲ, ಜರಿ ಇದೆ, ನಾದಿನಿಯ ಮುಖ ಫಳಫಳ. ಗ್ರೂಪಿನಲ್ಲಿ ಅತ್ತೆಯವರದೇ ಮೊದಲ ಸಂದೇಶ: “ತುಂಬ ಚೆನ್ನಾಗಿದೆ. ಎಡಗಡೆ ಯಾರೋ ಪಂಚೆ ಹಿಡ್ಕೊಂಡು ನಿಂತಿದಾರೆ, ಅವರನ್ನ ಕಟ್ ಮಾಡಿ.”

ಕಟ್ ಮಾಡಿದೆ. ನನ್ನ ಕೈಯಿಂದ ಯಾವ ತಕರಾರೂ ಇಲ್ಲದೆ ಪಾಸಾದ ಮೊದಲ ರಿಪೇರಿ ಅದು.