ಹೊಗೆ ಬಿಟ್ಟ ಸಾಹೇಬರು

(ರಾಯಾಪುರ ಬಿಆರ್‌ಟಿಎಸ್ ನಿಲ್ದಾಣದ ಎದುರು ಸಾಹೇಬರ ಹೊಸ ಎಲೆಕ್ಟ್ರಿಕ್ ಕಾರು. ಗಾತ್ರದಲ್ಲಿ ನಿಲ್ದಾಣಕ್ಕೇ ಪೈಪೋಟಿ.)

ಸಾಹೇಬರು: ಇವತ್ತಿಂದ ನಂದು ಹೊಗಿ ಬಂದ್‌ ನೋಡಪಾ. ಭೂಮಿತಾಯಿ ಋಣ ತೀರಿತು.

ಪ್ರಯಾಣಿಕ: ಚಲೋ ಆತ್ರಿ. ಕರೆಂಟ್ ಎಲ್ಲಿಂದ ಬರತೈತಿ?

ಸಾಹೇಬರು: ಗ್ವಾಡಿಯಿಂದ. ಪ್ಲಗ್ ಐತಲ್ಲ!

ಪ್ರಯಾಣಿಕ: ಗ್ವಾಡಿ ಹಿಂದ ನರೇಂದ್ರದ ಸಬ್‌ಸ್ಟೇಷನ್, ಅದರ ಹಿಂದ ಕೂಡಗಿ ವಿದ್ಯುತ್ ಸ್ಥಾವರ. ಅಲ್ಲಿ 2,400 ಮೆಗಾವಾಟ್, ಎಲ್ಲಾ ಕಲ್ಲಿದ್ದಲಿಂದು.

ಸಾಹೇಬರು: ಕೂಡಗಿ ವಿಜಯಪುರ ಜಿಲ್ಲಾದಾಗ ಐತಿ. ನನ್ನ ಅಂಗಳ ಸ್ವಚ್ಛ ಐತಿ.

ಪ್ರಯಾಣಿಕ: ಖರೇರಿ, ಬೂದಿ ಅಲ್ಲೇ ಉಳೀತೈತಿ. 2014ರಾಗ ಸ್ಥಾವರ ಬ್ಯಾಡಂದ ರೈತರ ಮ್ಯಾಲೆ ಪೊಲೀಸರ ಗುಂಡೂ ಅಲ್ಲೇ ಹಾರಿದ್ವು.

(ಸಾಹೇಬರು ಎಸಿ ಹೆಚ್ಚಿಸಿದರು. ಅಹಿತಕರ ಮಾತಿಗೆ ನಮ್ಮ ಗಣ್ಯರ ಸಿದ್ಧೌಷಧ ಅದೇ.)

ಸಾಹೇಬರು: ಹಂಗಾರ ಪೆಟ್ರೋಲಿಗೇ ಹೋಗ್ಲೇನು?

ಪ್ರಯಾಣಿಕ: ಛೇ, ಅದಕ್ಕಿಂತ ಬ್ಯಾಟರಿ ಚಲೋನ. ಆದ್ರ ಒಬ್ಬರನ್ನ ಒಯ್ಯಾಕ ಎರಡು ಟನ್ ಗಾಡಿ ಯಾಕ? ಮಾಳಗಿ ಮ್ಯಾಲೆ ಸೋಲಾರ್ ಹಾಕಸ್ರಿ, ಆಫೀಸಿಗೆ ಈ ಬಿಆರ್‌ಟಿಎಸ್‌ನ ಚಿಗರಿ ಬಸ್ ಹತ್ತರಿ.

ಸಾಹೇಬರು: ಚಿಗರಿ ಡೀಸೆಲ್ ಕುಡೀತೈತಲ್ಲೋ!

ಪ್ರಯಾಣಿಕ: ಕುಡೀತೈತಿ. ಬಸ್ ತುಂಬ ಮಂದಿ ಹಂಚಿಕೊಂಡು ಕುಡೀತಾರ. ನಿಮ್ಮದು ಒಬ್ಬರದ ಊಟ.

ಸಾಹೇಬರು: ಬಸ್ಸಿನಾಗ ಇಳದ್ರ ಹಾರ ಯಾರು ಹಾಕ್ತಾರ? ಧಾರವಾಡದಾಗ ನನ್ನ ಭಾಷಣ ಐತಿ, ‘ಇಂಧನ ಉಳಿಸೋಣ’.

(ಹಿಂದೆ ಹಿಂಬಾಲಕರ ಮೂರು ಕಾರು. ಮೂರೂ ಡೀಸೆಲ್. ಚಿಗರಿಗೆ ಪ್ರತ್ಯೇಕ ಪಥವಿತ್ತು; ಪ್ರಯಾಣಿಕ ಮೊದಲು ಧಾರವಾಡ ಮುಟ್ಟಿದ.)